ಎರಡು ಟನ್ ಚೀಟಿ ಮತ್ತು ಫರ್ನಿವಲ್

ಮೇಷ್ಟ್ರೇ, ನಮಸ್ಕಾರ.

ಹೋದ ಸಂಚಿಕೆಯಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಬಗ್ಗೆ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಜಾಗ ಸಾಲದ್ದರಿಂದ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಆಗುತ್ತಿಲ್ಲ. ಉಳಿದ ಓದುಗರಿಗಾಗಿ ಅದರ ಮುಖ್ಯ ಮಾತು ಇಲ್ಲಿದೆ: "ಆ ನಿಘಂಟು ಕಟ್ಟಿದವರು ಜೇಮ್ಸ್ ಮರ್ರೆ. ಅವರಿಗಿಂತ ಮುಂಚೆ ಹದಿನೆಂಟು ವರ್ಷ ಸಂಪಾದಕರ ಕುರ್ಚಿಯಲ್ಲಿದ್ದ ಫ್ರೆಡರಿಕ್ ಫರ್ನಿವಲ್ ನಿಘಂಟಿನ ಒಂದು ಪುಟವನ್ನೂ ಹೊರತರಲಿಲ್ಲ. ಚೀಟಿಗಳನ್ನು ಊರೂರಿಗೆ ಚೆಲ್ಲಿ, ಕೊನೆಗೆ ಮರ್ರೆ ಅಂಗಳಕ್ಕೆ ಒಂದು ರಾಶಿ ಕಸ ಸುರಿದರು. ಅಂಥವರಿಗೆ ನಿಮ್ಮ ಲೇಖಕರು ಇಷ್ಟು ಜಾಗ ಕೊಟ್ಟದ್ದು ಯಾಕೆ? ನಮ್ಮ ಕಿಟೆಲ್ ಒಬ್ಬರೇ ಕೂತು ಇಡೀ ನಿಘಂಟು ಮುಗಿಸಲಿಲ್ಲವೇ?"

ಇಂಗ್ಲಿಷ್ ಪಾಠ ಮಾಡುತ್ತಲೇ ನಿವೃತ್ತರಾದವರು ನೀವು. ಈ ಪ್ರಶ್ನೆಯನ್ನು ಸುಮ್ನೆ ಕೇಳಿಲ್ಲ ಅಂತ ಗೊತ್ತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ಆ ರಾಶಿಯ ಮಾತು. ಚೀಟಿ ಅಂದರೆ, ಸ್ವಯಂಸೇವಕರು ಪುಸ್ತಕ ಓದಿ, ಒಂದು ಪದ ಬಳಕೆಯಾದ ಸಾಲನ್ನು ಉದಾಹರಣೆಯಾಗಿ ಬರೆದು ಕಳಿಸುತ್ತಿದ್ದ ಕಾಗದದ ತುಂಡು. ಅದರಲ್ಲಿ ನೀವು ಹೇಳಿದ್ದೆಲ್ಲ ನಿಜ. 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್‌ನ ಕ್ಲಾರೆಂಡನ್ ಪ್ರೆಸ್ ಜೊತೆ ಒಪ್ಪಂದವಾಗಿ ಮರ್ರೆ ಸಂಪಾದಕರಾದರು. ಆಗ ಅವರು ಲಂಡನ್ ಹೊರವಲಯದ ಮಿಲ್ ಹಿಲ್ ಶಾಲೆಯಲ್ಲಿ ಮೇಷ್ಟ್ರು. ಮನೆಯ ತೋಟದಲ್ಲಿ ಕಬ್ಬಿಣದ ಶೆಡ್ ಹಾಕಿಸಿ, ಚೀಟಿ ಜೋಡಿಸಲು ಒಳಗೆ 1,029 ಗೂಡುಗಳನ್ನು ಮಾಡಿಸಿದರು. ಆಮೇಲೆ ಫರ್ನಿವಲ್ ಕಳಿಸಿದ ಸರಕು ಬಂತು. ಹತ್ತಿರ ಹತ್ತಿರ ಎರಡು ಟನ್ ತೂಕದ ಕಾಗದ. ಒಂದು ಮೂಟೆಯಲ್ಲಿ ಸತ್ತ ಇಲಿ ಇತ್ತು, ಇನ್ನೊಂದರಲ್ಲಿ ಮರಿ ಹಾಕಿದ ಇಲಿ ಸಂಸಾರ ಹೂಡಿತ್ತು. ಎಚ್ ಅಕ್ಷರದ ಪದಗಳ ಕಟ್ಟೇ ಇರಲಿಲ್ಲ. ಅದು ಇಟಲಿಯ ಫ್ಲಾರೆನ್ಸ್‌ನಲ್ಲಿ, ಅಮೆರಿಕದ ರಾಯಭಾರಿ ಜಾರ್ಜ್ ಪರ್ಕಿನ್ಸ್ ಮಾರ್ಷ್ ಅವರ ಹತ್ತಿರ ಉಳಿದಿತ್ತು. ಕ್ಯೂ ಅಕ್ಷರದ್ದು ಲಫ್‌ಬರೋ ಊರಿನಲ್ಲಿ ಸಿಕ್ಕಿತು. 'ಪಿಎ'ಯಿಂದ ಶುರುವಾಗುವ ಪದಗಳ ಚೀಟಿಗಳು ಐರ್ಲೆಂಡ್‌ನ ಕ್ಯಾವನ್ ಕೌಂಟಿಯ ಒಂದು ಕುದುರೆ ಲಾಯದಲ್ಲಿದ್ದವು. ಅವುಗಳಲ್ಲಿ ಬಹಳಷ್ಟನ್ನು ಬೆಂಕಿ ಹೊತ್ತಿಸಲು ಬಳಸಿ ಮುಗಿಸಿದ್ದರು.

ಯಾವ ಕಟ್ಟು ಯಾರ ಮನೆಯಲ್ಲಿದೆ ಅಂತ ಫರ್ನಿವಲ್ ಸರಿಯಾಗಿ ಬರೆದಿಟ್ಟಿರಲಿಲ್ಲ. ಆ ತಪ್ಪು ಪೂರ್ತಿ ಅವರದ್ದೇ. ಮರ್ರೆ ಪಟ್ಟ ಪಾಡನ್ನು ಕಡಿಮೆ ಮಾಡಿ ಹೇಳುವ ಆಸೆ ನನಗಿಲ್ಲ.

ಆದರೆ ಚೀಟಿಗಳು ಅಷ್ಟು ಮನೆಗಳಿಗೆ ಹೋದದ್ದಾದರೂ ಯಾಕೆ? ಈ ನಿಘಂಟಿಗೆ ಮೊದಲು ಕೈ ಹಾಕಿದ್ದು ಫಿಲಲಾಜಿಕಲ್ ಸೊಸೈಟಿ, ಅಂದರೆ ಭಾಷೆಯ ಹುಚ್ಚು ಹತ್ತಿಸಿಕೊಂಡವರ ಒಂದು ಸಂಘ. ನಿಘಂಟಿನ ಕೆಲಸಕ್ಕೆ ಅದರ ಹತ್ತಿರ ಆಫೀಸಿರಲಿಲ್ಲ, ಸಂಬಳ ಕೊಡುವ ಶಕ್ತಿ ಇರಲಿಲ್ಲ, ಅಚ್ಚು ಹಾಕುತ್ತೇವೆ ಅನ್ನುವ ಪ್ರಕಾಶಕರೂ ಸಿಕ್ಕಿರಲಿಲ್ಲ. ಒಂದೊಂದು ಅಕ್ಷರವನ್ನು ಒಬ್ಬೊಬ್ಬ ಉಪಸಂಪಾದಕರಿಗೆ ಹಂಚಿ, ಅವರ ಮನೆಯಲ್ಲೇ ಕೆಲಸ ಮಾಡಿಸುವುದೊಂದೇ ದಾರಿ. ಪಾದ್ರಿಗಳು, ವಕೀಲರು, ಶಾಲೆಯ ಮೇಷ್ಟ್ರುಗಳು ಬಿಡುವಿನ ವೇಳೆಯಲ್ಲಿ ಬಿಟ್ಟಿ ದುಡಿದರು. ಅವರಲ್ಲಿ ಕೆಲವರು ಸತ್ತರು, ಕೆಲವರಿಗೆ ಬೇಸರ ಬಂತು. ಕಟ್ಟುಗಳು ಅಲ್ಲಲ್ಲೇ ಉಳಿದವು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1857ರಲ್ಲಿ ಈ ಸಂಘ ಮೂವರ ಒಂದು ಸಮಿತಿ ಮಾಡಿತು. ಇದ್ದ ನಿಘಂಟುಗಳಲ್ಲಿ ಸೇರದೆ ಉಳಿದ ಪದಗಳನ್ನು ಹುಡುಕುವುದಷ್ಟೇ ಅದರ ಕೆಲಸ. ಆ ಮೂವರು ಯಾರೆಂದರೆ ವೆಸ್ಟ್‌ಮಿನ್‌ಸ್ಟರ್ ಚರ್ಚಿನ ಡೀನ್ (ಮುಖ್ಯ ಪಾದ್ರಿ) ರಿಚರ್ಡ್ ಟ್ರೆಂಚ್, ಕವಿ ಕೋಲ್‌ರಿಜ್ ಮೊಮ್ಮಗ ಹರ್ಬರ್ಟ್ ಕೋಲ್‌ರಿಜ್ ಮತ್ತು ಫರ್ನಿವಲ್. ಅದೇ ನವೆಂಬರ್‌ನಲ್ಲಿ ಟ್ರೆಂಚ್ ಎರಡು ಉಪನ್ಯಾಸ ಕೊಟ್ಟರು. ನಿಘಂಟುಕಾರ ಭಾಷೆಯ ಚರಿತ್ರೆ ಬರೆಯುವವನು, ಒಳ್ಳೆಯ ಪದ ಕೆಟ್ಟ ಪದ ಅಂತ ತೀರ್ಪು ಕೊಡುವ ಕೆಲಸ ಅವನದಲ್ಲ ಅಂದರು. ಇದು ಒಬ್ಬನಿಂದ ಆಗುವ ಕೆಲಸವಲ್ಲ, ನೂರಾರು ಜನ ಸೇರಿ ಓದಬೇಕು ಅಂತಲೂ ಹೇಳಿದರು. 1858ರ ಜನವರಿಯಲ್ಲಿ ಸಂಘ ಹೊಸ ನಿಘಂಟನ್ನೇ ಮಾಡುವ ನಿರ್ಧಾರ ತೆಗೆದುಕೊಂಡಿತು. ಪ್ರತಿ ಪದವೂ ಇಂಗ್ಲಿಷಿನಲ್ಲಿ ಮೊದಲು ಎಲ್ಲಿ ಕಾಣಿಸಿತು, ಆಮೇಲೆ ಅದರ ಅರ್ಥ ಹೇಗೆ ಬದಲಾಯಿತು ಅನ್ನುವುದನ್ನು ಪುಸ್ತಕಗಳ ಸಾಲುಗಳನ್ನೇ ಮುಂದಿಟ್ಟು ತೋರಿಸಬೇಕು ಅನ್ನುವುದು ಗುರಿ.

ಮೊದಲ ಸಂಪಾದಕರಾದ ಹರ್ಬರ್ಟ್ ಕೋಲ್‌ರಿಜ್ ಚೀಟಿಗಳಿಗಾಗಿ 54 ಗೂಡುಗಳ ಒಂದು ಪೆಟ್ಟಿಗೆ ಮಾಡಿಸಿಕೊಂಡಿದ್ದರು. ಇನ್ನೆರಡು ವರ್ಷದಲ್ಲಿ ಮೊದಲ ಭಾಗ ಹೊರಬರುತ್ತದೆ ಅಂತ ನಂಬಿದ್ದರು. 1861ರ ಏಪ್ರಿಲ್‌ನಲ್ಲಿ, ಬರೀ ಮೂವತ್ತನೇ ವಯಸ್ಸಿನಲ್ಲಿ, ಕ್ಷಯದಿಂದ ತೀರಿಕೊಂಡರು. ಇನ್ನು ಗುಣವಾಗುವುದಿಲ್ಲ ಅಂತ ತಿಳಿದಾಗ "ಹಾಗಾದರೆ ನಾಳೆಯೇ ಸಂಸ್ಕೃತ ಶುರುಮಾಡಬೇಕು" ಅಂದರಂತೆ. ಹೀಗೆ ಮೂವತ್ತಾರು ವರ್ಷದ ಫರ್ನಿವಲ್ ಹೆಗಲಿಗೆ ಕೆಲಸ ಬಂತು.

ಹದಿನೆಂಟು ವರ್ಷ ದಂಡವಾಯಿತು ಅಂತ ಅನ್ನುವ ಮೊದಲು ಈ ಕೆಲಸದ ಗಾತ್ರ ನೋಡಿ. ಅದು ಆಗ ಯಾರ ಅಂದಾಜಿಗೂ ಸಿಕ್ಕಿರಲಿಲ್ಲ. 1879ರ ಒಪ್ಪಂದದಲ್ಲೂ ಹತ್ತು ವರ್ಷ, 7,000 ಪುಟ ಅಂತಿತ್ತು. ಮರ್ರೆಯಂಥ ಶಿಸ್ತಿನ ಮನುಷ್ಯ, ಸಂಬಳದ ಸಹಾಯಕರನ್ನು ಇಟ್ಟುಕೊಂಡು, ಐದು ವರ್ಷ ದುಡಿದ ಮೇಲೆ 1884ರಲ್ಲಿ ಬಂದದ್ದು 352 ಪುಟಗಳ ಮೊದಲ ಕಂತು. ಅದು 'ಎ'ಯಿಂದ 'ಆಂಟ್'ವರೆಗೆ ಮಾತ್ರ. ಇಡೀ ನಿಘಂಟು ಮುಗಿದದ್ದು 1928ರ ಏಪ್ರಿಲ್‌ನಲ್ಲಿ, ಪುಟಗಳು 15,000 ದಾಟಿದ್ದವು. ಮರ್ರೆ ಕೂಡ 1915ರಲ್ಲಿ, ಟಿ ಅಕ್ಷರದ ಕೆಲಸದ ಮಧ್ಯೆಯೇ ಹೋದರು.

ಇನ್ನು ಫರ್ನಿವಲ್ ಮಾಡಿದ್ದೇನು ಅನ್ನುವ ಮಾತಿಗೆ ಬರುತ್ತೇನೆ. ಇದರ ಬಗ್ಗೆ ಜನಕ್ಕೆ ಗೊತ್ತಿರುವುದು ತೀರಾ ಕಡಿಮೆ.

ಹದಿನಾಲ್ಕನೇ ಶತಮಾನದಲ್ಲಿ ಒಂದು ಪದ ಹೇಗೆ ಬಳಕೆಯಲ್ಲಿತ್ತು ಅಂತ ನೋಡಬೇಕಾದರೆ ಆ ಕಾಲದ ಬರಹ ಓದಬೇಕು, ಅಲ್ವಾ? ಆ ಬರಹಗಳಲ್ಲಿ ಬಹುಪಾಲು ಕೈಬರಹದ ಪ್ರತಿಗಳಾಗಿಯೇ ಉಳಿದಿದ್ದವು. ಒಂದು ಬ್ರಿಟಿಷ್ ಮ್ಯೂಸಿಯಂನಲ್ಲಿ, ಇನ್ನೊಂದು ಆಕ್ಸ್‌ಫರ್ಡ್‌ನ ಬಾಡ್ಲಿಯನ್ ಲೈಬ್ರರಿಯಲ್ಲಿ, ಮತ್ತೊಂದು ಯಾವುದೋ ಜಮೀನ್ದಾರರ ಬಂಗಲೆಯಲ್ಲಿ. ಹಳೆಯ ಲಿಪಿ ಓದಲು ಬಂದರಷ್ಟೇ ಅವುಗಳಿಂದ ಉಪಯೋಗ. ದೂರದ ಹಳ್ಳಿಯ ಒಬ್ಬ ಪಾದ್ರಿ ನಿಘಂಟಿಗಾಗಿ ಓದುತ್ತೇನೆ ಅಂತ ಮುಂದೆ ಬಂದರೆ ಅವರ ಕೈಗೆ ಏನು ಕೊಡುವುದು? ಸಾಲಿಗೆ ಸಂಖ್ಯೆ ಇಲ್ಲದ ಹಸ್ತಪ್ರತಿಯಿಂದ ಉದಾಹರಣೆ ಎತ್ತಿದರೆ ಅದನ್ನು ಇನ್ನೊಬ್ಬರು ಪರೀಕ್ಷಿಸುವುದು ಹೇಗೆ? ಹಳೆಯ ಕೃತಿಗಳನ್ನು ಅಚ್ಚು ಹಾಕಿಸುವ ಶ್ರೀಮಂತರ ಕ್ಲಬ್ಬುಗಳು ಇದ್ದವು. ಆದರೆ ಅವು ತಮ್ಮ ಸದಸ್ಯರಿಗಾಗಿ ಬೆರಳೆಣಿಕೆಯ ಪ್ರತಿ ಮಾಡಿಸಿ ಅಲ್ಲಿಗೆ ನಿಲ್ಲಿಸುತ್ತಿದ್ದವು.

ಸಂಪಾದಕರಾದ ಎರಡು ಮೂರು ವರ್ಷದಲ್ಲೇ ಫರ್ನಿವಲ್‌ಗೆ ಈ ಗೋಡೆ ಕಾಣಿಸಿತು. ಪಠ್ಯಗಳು ಅಚ್ಚಾಗದೆ ನಿಘಂಟು ಏಳುವುದಿಲ್ಲ. 1864ರಲ್ಲಿ ಅವರು ಅರ್ಲಿ ಇಂಗ್ಲಿಷ್ ಟೆಕ್ಸ್ಟ್ ಸೊಸೈಟಿ ಶುರುಮಾಡಿದರು. ವರ್ಷಕ್ಕೆ ಒಂದು ಗಿನಿ (ಒಂದು ಪೌಂಡಿಗಿಂತ ಸ್ವಲ್ಪ ಹೆಚ್ಚು) ಚಂದಾ ಕೊಟ್ಟವರಿಗೆ ಆ ವರ್ಷದ ಪುಸ್ತಕಗಳೆಲ್ಲ ಬರುತ್ತಿದ್ದವು. ಮೊದಲ ವರ್ಷವೇ ರಿಚರ್ಡ್ ಮಾರಿಸ್ ಸಂಪಾದಿಸಿದ 'ಸರ್ ಗವೇನ್ ಅಂಡ್ ದ ಗ್ರೀನ್ ನೈಟ್' ಬಂತು. ಅದೇ ಹಸ್ತಪ್ರತಿಯಲ್ಲಿದ್ದ 'ಪರ್ಲ್' ಮೊದಲ ಬಾರಿಗೆ ಅಚ್ಚು ಕಂಡದ್ದೂ ಆಗಲೇ. ನೀವು ತರಗತಿಯಲ್ಲಿ ಈ ಕಾವ್ಯಗಳ ಹೆಸರು ಎಷ್ಟು ಸಲ ಹೇಳಿದ್ದೀರೋ! ಒಂದೇ ಒಂದು ಹಸ್ತಪ್ರತಿಯಲ್ಲಿ ಉಳಿದಿದ್ದ ಕಾವ್ಯಗಳು ಅವು. ಹಾಗೆ ಅಚ್ಚಾದದ್ದರಿಂದಲೇ ನಿಘಂಟಿನ ಓದುಗರ ಕೈಗೆ ಬಂದವು.

ಇನ್ನೊಂದು ಉದಾಹರಣೆ 'ಕರ್ಸರ್ ಮುಂಡಿ'. ಉತ್ತರ ಇಂಗ್ಲೆಂಡಿನಲ್ಲಿ ಸುಮಾರು 1300ರ ಹೊತ್ತಿಗೆ ಹುಟ್ಟಿದ, ಸುಮಾರು 30,000 ಸಾಲುಗಳ ಧಾರ್ಮಿಕ ಕಾವ್ಯ. ಸೊಸೈಟಿ ಅದರ ನಾಲ್ಕು ಹಸ್ತಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು 1874ರಿಂದ 1893ರವರೆಗೆ ಕಂತುಗಳಲ್ಲಿ ಅಚ್ಚು ಮಾಡಿತು. ಆಕ್ಸ್‌ಫರ್ಡ್ ನಿಘಂಟು ಅತಿ ಹೆಚ್ಚು ಉದ್ಧರಿಸುವ ಕೃತಿಗಳಲ್ಲಿ ಇದೂ ಒಂದು. ಇದು ಅಚ್ಚಾಗಿರದಿದ್ದರೆ ನೂರಾರು ಮಾಮೂಲಿ ಪದಗಳ ಹಳೆಯ ಚರಿತ್ರೆ ನಿಘಂಟಿನಲ್ಲಿ ತುಂಬಾ ತೆಳ್ಳಗಿರುತ್ತಿತ್ತು.

ಫರ್ನಿವಲ್ ಅಲ್ಲಿಗೇ ನಿಲ್ಲಲಿಲ್ಲ. 1868ರಲ್ಲಿ, ಹದಿನಾಲ್ಕನೇ ಶತಮಾನದ ಕವಿ ಚಾಸರ್ ಹೆಸರಿನಲ್ಲಿ ಚಾಸರ್ ಸೊಸೈಟಿ ಕಟ್ಟಿದರು. ಅವನ 'ಕ್ಯಾಂಟರ್‌ಬರಿ ಟೇಲ್ಸ್'ನ ಆರು ಹಸ್ತಪ್ರತಿಗಳನ್ನು ಸಾಲಿಗೆ ಸಾಲು ಹೊಂದಿಸಿ ಅಚ್ಚು ಮಾಡಿಸಿದರು. ಇದೇ ಸರಿಯಾದ ಪಾಠ ಅಂತ ತಾವೇ ತೀರ್ಮಾನಿಸುವ ಬದಲು ಆರನ್ನೂ ಓದುಗರ ಮುಂದಿಟ್ಟರು. ಈ ನಡೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಒಂದು ಪದವನ್ನು ಒಬ್ಬ ಲಿಪಿಕಾರ ಒಂದು ಥರ, ಇನ್ನೊಬ್ಬ ಇನ್ನೊಂದು ಥರ ಬರೆದಿದ್ದರೆ ನಿಘಂಟುಕಾರನಿಗೆ ಎರಡೂ ಬೇಕು. ಹಳೆಯ ಲಾವಣಿಗಳನ್ನು ಸಂಗ್ರಹಿಸಿದ ಬಿಷಪ್ ಪರ್ಸಿ ಕಥೆ ನಿಮಗೆ ಗೊತ್ತೇ ಇದೆ. ಮನೆಕೆಲಸದವರು ಹಾಳೆ ಹರಿದು ಬೆಂಕಿ ಹೊತ್ತಿಸುತ್ತಿದ್ದ ಹಸ್ತಪ್ರತಿಯನ್ನು ಪರ್ಸಿ ಕಾಪಾಡಿದರು. ಆಮೇಲೆ ಅವರ ಮನೆತನದವರು ಅದನ್ನು ಹೊರಗೆ ಬಿಡಲಿಲ್ಲ. ಫರ್ನಿವಲ್ ಬೆನ್ನು ಬಿಡದೆ ಕೇಳಿ, ದುಡ್ಡು ಕೊಟ್ಟು, ವಿದ್ವಾಂಸ ಜಾನ್ ಹೇಲ್ಸ್ ಜೊತೆ ಸೇರಿ 1867–68ರಲ್ಲಿ ಅದನ್ನು ಇದ್ದದ್ದು ಇದ್ದ ಹಾಗೇ ಪ್ರಕಟಿಸಿದರು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? ಅಪ್ಪ ಡಾಕ್ಟರ್, ಒಂದಷ್ಟು ಆಸ್ತಿ ಬಿಟ್ಟು ಹೋಗಿದ್ದರು. ಓವರೆಂಡ್ ಗರ್ನಿ ಅನ್ನುವ ಬ್ಯಾಂಕಿಂಗ್ ಸಂಸ್ಥೆ 1866ರಲ್ಲಿ ಮುಳುಗಿದಾಗ ಅದೂ ಕರಗಿತು. ಫರ್ನಿವಲ್ ಓದಿದ್ದು ವಕೀಲಿಕೆ, ಅದರಲ್ಲಿ ಮನಸ್ಸಿರಲಿಲ್ಲ. 1884ರಲ್ಲಿ ಸರ್ಕಾರದ ಪಿಂಚಣಿ ಸಿಗುವವರೆಗೂ ಕೈ ಬಿಗಿಯಾಗಿಯೇ ಇತ್ತು. ಈ ಸೊಸೈಟಿಗಳ ಕೆಲಸವನ್ನು ಅವರು ಸಂಬಳವಿಲ್ಲದೆ ಮಾಡಿದರು.

ಇನ್ನು ಜನರನ್ನು ಹುಡುಕಿ ಕೆಲಸಕ್ಕೆ ಹಚ್ಚುವ ಗುಣ. ವಾಲ್ಟರ್ ಸ್ಕೀಟ್ ಕೇಂಬ್ರಿಜ್‌ನಲ್ಲಿ ಗಣಿತ ಪಾಠ ಮಾಡುತ್ತಿದ್ದವರು. ಫರ್ನಿವಲ್ ಅವರ ಕೈಗೆ ಒಂದು ಹಳೆಯ ಸ್ಕಾಟಿಷ್ ಕಾವ್ಯ ಕೊಟ್ಟು ಸಂಪಾದಿಸಿ ಅಂದರು. ಹಸ್ತಪ್ರತಿ ಓದುವುದನ್ನು ಸ್ಕೀಟ್ ಆ ಕೆಲಸ ಮಾಡುತ್ತಲೇ ಕಲಿತರು. ಮುಂದೆ ಹದಿನಾಲ್ಕನೇ ಶತಮಾನದ ಕಾವ್ಯ 'ಪಿಯರ್ಸ್ ಪ್ಲೌಮನ್' ಸಂಪಾದಿಸಿದರು, ಕೇಂಬ್ರಿಜ್‌ನಲ್ಲಿ ಆಂಗ್ಲೋ-ಸ್ಯಾಕ್ಸನ್ (ಅತಿ ಹಳೆಯ ಇಂಗ್ಲಿಷ್) ಪ್ರೊಫೆಸರ್ ಆದರು, ಇಂಗ್ಲಿಷ್ ಪದಗಳ ಮೂಲ ಹೇಳುವ ಪ್ರಸಿದ್ಧ ನಿಘಂಟು ಬರೆದರು. ಭಾಷಾ ವಿದ್ವಾಂಸ ಹೆನ್ರಿ ಸ್ವೀಟ್ ಕೂಡ ಇದೇ ಸೊಸೈಟಿಗಾಗಿ ದೊರೆ ಆಲ್ಫ್ರೆಡ್‌ನ ಗದ್ಯ ಸಂಪಾದಿಸಿದವರು.

ಮರ್ರೆ? ಅವರನ್ನು ಈ ಲೋಕಕ್ಕೆ ಎಳೆದು ತಂದವರಲ್ಲೂ ಫರ್ನಿವಲ್ ಮುಖ್ಯರು. ಸ್ಕಾಟ್‌ಲ್ಯಾಂಡಿನ ಗಡಿನಾಡಿನ ದರ್ಜಿಯ ಮಗ, ಕಾಲೇಜು ಮೆಟ್ಟಿಲು ಹತ್ತಲು ಅನುಕೂಲವಿಲ್ಲದೆ ತಾವೇ ಕಲಿತವರು ಮರ್ರೆ. ಇಂಥ ಶಾಲಾ ಮೇಷ್ಟ್ರನ್ನು ಫರ್ನಿವಲ್ ಸರಿಸಮನಾಗಿ ಕಂಡರು. ಸೊಸೈಟಿಗಾಗಿ 'ದ ಕಂಪ್ಲೇಂಟ್ ಆಫ್ ಸ್ಕಾಟ್‌ಲ್ಯಾಂಡ್' ಸಂಪಾದಿಸಲು ಹೇಳಿದರು. ಅದು 1872ರಲ್ಲಿ ಬಂತು. ನಿಘಂಟಿಗೆ ಇವರೇ ತಕ್ಕವರು ಅಂತ ಬೆನ್ನು ಹತ್ತಿದವರೂ ಫರ್ನಿವಲ್ಲೇ. ಸಂಪಾದಕರ ಕುರ್ಚಿಯನ್ನು ತಮಗಿಂತ ಯೋಗ್ಯರಿಗೆ ತಾವೇ ಮುಂದಾಗಿ ಬಿಟ್ಟುಕೊಟ್ಟರು. ಹಾಗೆ ಮಾಡುವವರು ಎಷ್ಟು ಜನ ಇದ್ದಾರು, ಹೇಳಿ. ಆಮೇಲೂ ದೂರ ಹೋಗಿ ಕೂರಲಿಲ್ಲ. ಬೆಳಿಗ್ಗೆ ಓದಿದ ಪೇಪರಿನಿಂದಲೂ ಪದ ಕತ್ತರಿಸಿ ಕಳಿಸುತ್ತಿದ್ದರು. ಹೀಗೆ ಅವರೊಬ್ಬರೇ ಕಳಿಸಿದ ಉದಾಹರಣೆಗಳು ಸುಮಾರು 30,000.

ಪೇಪರಿನ ವಿಷಯ ಬಂತು, ಅದನ್ನೂ ಹೇಳಿಬಿಡುತ್ತೇನೆ. ಹೆಸರಾಂತ ಲೇಖಕರ ಸಾಲುಗಳನ್ನೇ ಉದಾಹರಣೆಯಾಗಿ ಕೊಡಿ, ಪೇಪರಿನದ್ದು ಬೇಡ ಅಂತ ಆಕ್ಸ್‌ಫರ್ಡ್‌ನ ಹಿರಿಯರು ಮರ್ರೆ ಮೇಲೆ ಒತ್ತಡ ಹಾಕಿದ್ದರು. ಮರ್ರೆ ಬಗ್ಗಲಿಲ್ಲ. ಬಾಗಿಲು ಪೂರ್ತಿ ತೆಗೆದಿಡಿ, ಎಲ್ಲ ಪದಗಳೂ ಒಳಗೆ ಬರಲಿ ಅಂತ ಫರ್ನಿವಲ್ 1862ರಷ್ಟು ಹಿಂದೆಯೇ ಬರೆದಿದ್ದರು. ಈ ನಂಬಿಕೆ ಅವರ ಇಡೀ ಬದುಕಿನಲ್ಲೇ ಇತ್ತು. 1854ರಲ್ಲಿ ಲಂಡನ್ನಿನಲ್ಲಿ ಕೂಲಿಕಾರರಿಗಾಗಿ ವರ್ಕಿಂಗ್ ಮೆನ್ಸ್ ಕಾಲೇಜ್ ತೆರೆದವರ ಜೊತೆ ಅವರಿದ್ದರು. ಅಲ್ಲಿ ವ್ಯಾಕರಣ ಕಲಿಸಿದರು. ಕಾಲೇಜು ಶುರುವಾದಾಗ ಕಲಾ ವಿಮರ್ಶಕ ರಸ್ಕಿನ್ ಅವರ 'ದ ಸ್ಟೋನ್ಸ್ ಆಫ್ ವೆನಿಸ್'ನ ಒಂದು ಅಧ್ಯಾಯವನ್ನು ಬೇರೆಯಾಗಿ ಅಚ್ಚು ಹಾಕಿಸಿ ಬಂದವರಿಗೆ ಹಂಚಿದರು. ಓದಲು ಬೇಕಾದದ್ದು ಕೈಗೆ ಸಿಗುವಂತಿರಬೇಕು, ಎಲ್ಲರಿಗೂ ಸಿಗಬೇಕು. ಹತ್ತು ವರ್ಷದ ಮೇಲೆ ಹಳೆಯ ಕಾವ್ಯಗಳಿಗೂ ಅವರು ಇದನ್ನೇ ಮಾಡಿದರು.

ಅವರ ತಪ್ಪುಗಳನ್ನೂ ಮುಚ್ಚಿಡಬಾರದು. ಇಲಿ ಮೂಟೆಗಳಿಗಿಂತ ದೊಡ್ಡ ತೊಂದರೆ ಒಂದಿತ್ತು. ಸ್ವಯಂಸೇವಕರಿಗೆ ಮೊದಲಿನಿಂದ ಕೊಟ್ಟ ಸೂಚನೆ ಅಪರೂಪದ ಪದಗಳ ಕಡೆಗೇ ಜಾಸ್ತಿ ವಾಲಿತ್ತು. ಮರ್ರೆ ಎಣಿಸಿ ನೋಡಿದಾಗ ಬಳಕೆ ತಪ್ಪಿದ 'ಅಬ್ಯೂಷನ್' ಪದಕ್ಕೆ ಸುಮಾರು ಐವತ್ತು ಉದಾಹರಣೆ ಸಿಕ್ಕವು, ದಿನಬಳಕೆಯ 'ಅಬ್ಯೂಸ್'ಗೆ ಐದೂ ಇರಲಿಲ್ಲ. ಅದಕ್ಕಾಗಿ 1879ರಲ್ಲಿ ಮತ್ತೆ ಒಂದು ಸಾವಿರ ಓದುಗರು ಬೇಕೆಂದು ಮನವಿ ಹೊರಡಿಸಬೇಕಾಯಿತು. ಹತ್ತು ಕೆಲಸಕ್ಕೆ ಒಟ್ಟಿಗೆ ಕೈ ಹಾಕಿದ್ದರಿಂದ 1870ರ ಹೊತ್ತಿಗೆ ನಿಘಂಟಿನ ಕೆಲಸ ನಿಂತೇ ಹೋದಂತಿತ್ತು. 1876ರಲ್ಲಿ ಮ್ಯಾಕ್‌ಮಿಲನ್ ಪ್ರಕಾಶನದ ಜೊತೆ ಮಾತುಕತೆ ಮುರಿದುಬೀಳಲು ಅವರ ಒರಟು ಪಟ್ಟೂ ಒಂದು ಕಾರಣ. ಷೇಕ್ಸ್‌ಪಿಯರ್ ವಿಷಯಕ್ಕೆ ಕವಿ ಸ್ವಿನ್‌ಬರ್ನ್ ಜೊತೆ ವರ್ಷಗಟ್ಟಲೆ ಕೆಟ್ಟ ಮಾತಿನ ಜಗಳ ಆಡಿದರು. ಅದರಿಂದ ಬೇಸತ್ತು ಅವರೇ ಕಟ್ಟಿದ ನ್ಯೂ ಷೇಕ್ಸ್‌ಪಿಯರ್ ಸೊಸೈಟಿಯಿಂದ 1881ರಲ್ಲಿ ಹಲವು ಗಣ್ಯರು ಹೊರನಡೆದರು. ಅವರ ಮನೆಯ ಕಥೆಯಲ್ಲೂ ಹೆಂಡತಿಗೆ ಮಾಡಿದ ಅನ್ಯಾಯವಿದೆ. ಪಠ್ಯ ಸಂಪಾದನೆಯಲ್ಲೂ ಅವರ ಆತುರ ಕಾಣುತ್ತದೆ. ಸ್ಕೀಟ್ ಪುಸ್ತಕದ ಪಕ್ಕದಲ್ಲಿ ಫರ್ನಿವಲ್ ಪುಸ್ತಕ ಇಟ್ಟರೆ ಸ್ಕೀಟ್‌ದೇ ಮೇಲು, ಅನುಮಾನವಿಲ್ಲ.

ಆದರೂ ನಮ್ಮ ಲೇಖಕರು ಅವರಿಗೆ ಕೊಟ್ಟ ಜಾಗ ಸರಿಯಾಗಿಯೇ ಇದೆ ಅಂತ ನಾನು ಹೇಳುತ್ತೇನೆ. ಮರ್ರೆ ಕಟ್ಟಿದ ಮನೆಗೆ ಕಲ್ಲು ಕೊರೆದು ತಂದವರು ಇವರು. ಕಲ್ಲು ಅಡ್ಡಾದಿಡ್ಡಿ ಬಿದ್ದಿದ್ದವು, ನಿಜ. ಆದರೆ ಆ ಗಣಿ ತೆಗೆಯಬೇಕು ಅಂತ ಮೊದಲು ತಿಳಿದು, ಬೇರೆಯವರ ಕೈಗೂ ಸುತ್ತಿಗೆ ಕೊಟ್ಟವರು ಅವರೇ.

ಕಿಟೆಲ್ ಬಗ್ಗೆ ನೀವು ಕೇಳಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್‌ನಿಂದ ಬಂತು. ಅದು ಅಸಾಧಾರಣ ಕೆಲಸ. ಆದರೆ ಅದಕ್ಕೂ ಇಪ್ಪತ್ತು ವರ್ಷ ಹಿಂದೆ ಅವರು ಏನು ಮಾಡುತ್ತಿದ್ದರು ನೋಡಿ. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ' ಸಂಪಾದಿಸಿದರು. 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ತಂದರು. ಇಲ್ಲಿಯ ಪಂಡಿತರ ನೆರವಿನಿಂದ ಓಲೆ ಓದಿ, ಪಾಠ ಹೊಂದಿಸಿ, ಅಚ್ಚು ಹಾಕಿಸಿದ ಮೇಲೆಯೇ ನಿಘಂಟು. ಅಂದರೆ ಅವರು ಮರ್ರೆಯ ಕೆಲಸವನ್ನೂ ಫರ್ನಿವಲ್ ಕೆಲಸವನ್ನೂ ಎರಡೂ ಮಾಡಿದರು. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಳೆಯ ಕಾವ್ಯ, ಶಾಸನಗಳಿಂದ ಪ್ರಯೋಗ ಎತ್ತಿ ಕೊಡಲು ಸಾಧ್ಯವಾದದ್ದೂ ಅದಕ್ಕೆ ಮುಂಚೆ ಬಿ. ಎಲ್. ರೈಸ್ ಮತ್ತಿತರರು ಶಾಸನಗಳನ್ನೂ ಪಂಪನಂಥವರ ಕಾವ್ಯಗಳನ್ನೂ ಅಚ್ಚಿಗೆ ತಂದಿದ್ದರಿಂದಲೇ. ಅವರೆಲ್ಲರ ಹೆಸರನ್ನು ನಾವು ನಿಘಂಟಿನ ಜೊತೆಗೇ ಹೇಳಬೇಕು ಅನ್ನುವುದು ನನ್ನ ಆಸೆ.

1910ರಲ್ಲಿ, ತಮ್ಮ ಕೊನೆ ಹತ್ತಿರವಿದೆ ಅಂತ ಗೊತ್ತಾದಾಗ, ಫರ್ನಿವಲ್ ಮರ್ರೆಗೆ ಒಂದು ಪತ್ರ ಬರೆದರು. ನಿಘಂಟು ಮುಗಿಯುವುದನ್ನು ನೋಡದೆ ಹೋಗುತ್ತಿರುವುದು ದೊಡ್ಡ ನಿರಾಸೆ, ಆದರೆ ಅದು ಮುಗಿಯುವುದಂತೂ ಖಚಿತ, ಹಾಗಾಗಿ ಪರವಾಗಿಲ್ಲ ಅಂದರು. 'ಟೇಕ್' ಅನ್ನುವ ಭಾರೀ ಪದದ ಕೊನೆಯ ಕರಡು ನೋಡುತ್ತೀರಾ ಅಂತ ಮರ್ರೆ ಕೇಳಿದರು. ಆ ಜುಲೈ 2ರಂದು, ಎಂಬತ್ತೈದನೇ ವಯಸ್ಸಿನಲ್ಲಿ, ಫರ್ನಿವಲ್ ತೀರಿಕೊಂಡರು. ಅವರ ಪಠ್ಯ ಸೊಸೈಟಿ ಅಷ್ಟು ಹೊತ್ತಿಗೆ ಇನ್ನೂರಕ್ಕೂ ಹೆಚ್ಚು ಸಂಪುಟ ತಂದಿತ್ತು. ಅದು ಇವತ್ತಿಗೂ ಪುಸ್ತಕ ತರುತ್ತಿದೆ.

ನಿಮ್ಮ ಕಾಲೇಜು ಲೈಬ್ರರಿಯಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಇಪ್ಪತ್ತು ಸಂಪುಟಗಳ ಸೆಟ್ ಇದೆ ಅಂತ ಬರೆದಿದ್ದೀರಿ. ಒಂದು ಕೆಲಸ ಮಾಡಿ. ಹಳೆಯ ಕ್ರಿಯಾಪದ ಯಾವುದಾದರೂ ತೆಗೆದು, 1300ರಿಂದ 1500ರ ನಡುವಿನ ಉದಾಹರಣೆಗಳ ಮೇಲೆ ಬೆರಳಿಟ್ಟು ನೋಡಿ. ಕರ್ಸರ್ ಮುಂಡಿ, ಪಿಯರ್ಸ್ ಪ್ಲೌಮನ್, ಚಾಸರ್, ಗವೇನ್ ಎಷ್ಟು ಸಲ ಬರುತ್ತವೆ ಅಂತ ಗುರುತು ಹಾಕಿಕೊಳ್ಳಿ. ಕೆಲವು ಕಡೆ ಸೊಸೈಟಿಯ ಹೆಸರಿನ ಮೊದಲಕ್ಷರಗಳೇ ಕಂಸದಲ್ಲಿ ಕಾಣುತ್ತವೆ. ಲೆಕ್ಕ ಏನೇ ಬರಲಿ, ನನ್ನ ಮಾತಿಗೆ ವಿರುದ್ಧವಾಗಿದ್ದರೂ ಸರಿ, ಬರೆದು ಕಳಿಸಿ. ಇದೇ ಅಂಕಣದಲ್ಲಿ ಪ್ರಕಟಿಸುತ್ತೇವೆ.

ಪ್ರೀತಿಯಿಂದ,
ಸಂಪಾದಕ